ಹೊಳೆ ದಾಟೋಕೆ ಒಂದು ಜೆಟ್ಟು

ಖಾಸಗಿ ಜೆಟ್ ಬಾಡಿಗೆಗೆ ಕೊಡುವವರ ಜಾಹೀರಾತು ನೀವೂ ನೋಡಿರುತ್ತೀರಿ. ಈ ಸಲದ್ದು ಬ್ಯೂನಸ್ ಐರಿಸ್‌ನಿಂದ ಮಾಂಟೆವಿಡಿಯೊಗೆ. ನಮ್ಮ ಸಮಯ ಬಹಳ ಅಮೂಲ್ಯವಂತೆ. ನಮ್ಮ ಸಮಯದ ಬಗ್ಗೆ ಇಷ್ಟು ಕಾಳಜಿ ಮನೆಯವರಿಗೂ ಇಲ್ಲ.

ಅರ್ಜೆಂಟೀನಾದ ರಾಜಧಾನಿಗೂ ಉರುಗ್ವೆಯ ರಾಜಧಾನಿಗೂ ನಡುವೆ ಇರುವುದು ರಿಯೊ ದೆ ಲಾ ಪ್ಲಾಟಾ. ಹೊಳೆ ಅಂತಾರೆ, ಆದರೆ ಸಮುದ್ರ ಸೇರುವ ಕಡೆ ಅದರ ಅಗಲ 200 ಕಿ.ಮೀ.ಗೂ ಜಾಸ್ತಿ. ಎರಡು ಊರುಗಳ ನಡುವಿನ ನೇರ ದೂರವೂ ಹೆಚ್ಚುಕಮ್ಮಿ ಅಷ್ಟೇ. ಜೆಟ್ಟಿಗೆ ಅದೇನು ಮಹಾ? ಮುಕ್ಕಾಲು ಗಂಟೆಯೂ ಬೇಕಿಲ್ಲ. ಚಕ್ರ ಒಳಗೆಳೆದುಕೊಂಡು ಮೇಲೇರಿ, ಯಾರೋ ಶಾಂಪೇನ್ ಬಾಟಲಿಯ ಬಿರಡೆಗೆ ಕೈ ಹಾಕುವಷ್ಟರಲ್ಲಿ ಪೈಲಟ್ ಬೆಲ್ಟ್ ಕಟ್ಟಿಕೊಳ್ಳಿ ಅಂತಾನೆ. ಪಾಪ, ಐಷಾರಾಮ ಮಾಡೋಕೂ ಪುರಸೊತ್ತಿಲ್ಲ.

ಬಾಡಿಗೆ ಲೆಕ್ಕ ಇನ್ನೂ ಚೆನ್ನಾಗಿದೆ. ವಿಮಾನ ಬೇರೆಲ್ಲೋ ನಿಂತಿದ್ದರೆ ಅಲ್ಲಿಂದ ಖಾಲಿ ಬರಬೇಕು. ನಿಮ್ಮನ್ನು ಇಳಿಸಿ ಖಾಲಿ ವಾಪಸ್ ಹೋಗಬೇಕು. ಆ ಖಾಲಿ ಹಾರಾಟದ ದುಡ್ಡೂ ನಿಮ್ಮ ತಲೆಯ ಮೇಲೆ. "ಬರ್ತಾ ಖಾಲಿ ಬರ್ಬೇಕು ಸಾರ್, ಸೇರ್ಸಿ ಕೊಡಿ" ಅನ್ನುವ ಟ್ಯಾಕ್ಸಿಯವನ ಲೆಕ್ಕವೇ ಇದು. ಅವನ ಜೊತೆಯಾದರೆ ಜಗಳ ಆಡುತ್ತೇವೆ. ಇವರು ಕೇಳಿದರೆ ಅದು ಪ್ಯಾಕೇಜು.

ಬೇರೆ ದಾರಿ ಇಲ್ವಾ ಅಂದರೆ, ಧಾರಾಳವಾಗಿ ಇದೆ. ಮಾಮೂಲಿ ವಿಮಾನಗಳಿವೆ. ಅದಕ್ಕಿಂತ ಮಜವಾದದ್ದು ಫೆರ್ರಿ. ಬುಕೆಬುಸ್ ಅನ್ನುವ ಕಂಪನಿಗೆ ಆಸ್ಟ್ರೇಲಿಯಾದ ತಾಸ್ಮೇನಿಯಾದಲ್ಲಿ ಒಂದು ಹಡಗು ಕಟ್ಟಿಕೊಟ್ಟರು. ಪರೀಕ್ಷೆಯ ಓಟದಲ್ಲಿ ಅದು 58 ನಾಟ್ ವೇಗ ಮುಟ್ಟಿತು, ಗಂಟೆಗೆ 107 ಕಿ.ಮೀ. ಸಾವಿರ ಜನ, 150 ಕಾರು ತುಂಬಿಕೊಂಡು ಎರಡೂಕಾಲು ಗಂಟೆಯಲ್ಲಿ ಆಚೆ ದಡ. ಅದಕ್ಕಿಟ್ಟ ಹೆಸರು 'ಫ್ರಾನ್ಸಿಸ್ಕೊ', ಬ್ಯೂನಸ್ ಐರಿಸ್‌ನಲ್ಲೇ ಹುಟ್ಟಿ ಬೆಳೆದ ಪೋಪ್ ಫ್ರಾನ್ಸಿಸ್ ಅವರ ಹೆಸರು. ಆರ್ಚ್‌ಬಿಷಪ್ ಆಗಿದ್ದಾಗಲೂ ಬಸ್ಸು, ಮೆಟ್ರೊದಲ್ಲಿ ನಿಂತು ಓಡಾಡಿದ ಮನುಷ್ಯ ಅವರು. ಅವರ ಹೆಸರಿನ ಹಡಗಿನೊಳಗೆ 1,100 ಚದರ ಮೀಟರಿನ ಡ್ಯೂಟಿ ಫ್ರೀ ಅಂಗಡಿ ಇಟ್ಟಿದ್ದಾರೆ! ವಿಸ್ಕಿ, ಸೆಂಟು, ಚಾಕೊಲೇಟು. ಭಕ್ತಿ ಅಂದರೆ ಇದು.

ಫೆರ್ರಿ ಹತ್ತುವುದು ಊರ ನಡುವೆ, ಇಳಿಯುವುದು ಮಾಂಟೆವಿಡಿಯೊದ ಹಳೇ ಪೇಟೆಯ ಪಕ್ಕ. ಖಾಸಗಿ ಜೆಟ್‌ಗಳು ಹೆಚ್ಚಾಗಿ ಹೊರಡುವ ಸಾನ್ ಫೆರ್ನಾಂಡೊ ಇರುವುದು ಊರಾಚೆ. ಆ ಕಡೆಯ ಕರಾಸ್ಕೊ ನಿಲ್ದಾಣವೂ ಊರಾಚೆ. ಎರಡೂ ಕಡೆಯ ಟ್ರಾಫಿಕ್ ಸೇರಿಸಿದರೆ ಅಮೂಲ್ಯ ಸಮಯ ಎಷ್ಟು ಉಳಿಯಿತು ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ಜೆಟ್ ಹಿಡಿಯುವವರು ದುಡ್ಡು ಕೊಡುವುದು ಯಾತಕ್ಕೆ? ಕ್ಯೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಜಾಸ್ತಿ ಪ್ರಶ್ನೆಯೂ ಇಲ್ಲ. ಮುಖ್ಯವಾದದ್ದು ಆ ಕೊನೆಯದ್ದು.

2007ರ ಆಗಸ್ಟ್ 4ರ ಕಥೆ ಗೊತ್ತಲ್ಲ. ಆವತ್ತಿನದ್ದೂ ರಾಜಧಾನಿಯಿಂದ ರಾಜಧಾನಿಗೆ ಬಾಡಿಗೆ ಜೆಟ್, ವೆನೆಜುವೆಲಾದ ಕರಾಕಾಸ್‌ನಿಂದ ಬ್ಯೂನಸ್ ಐರಿಸ್‌ಗೆ. ಬಾಡಿಗೆ ಹಿಡಿದದ್ದು ಎನಾರ್ಸಾ, ಅರ್ಜೆಂಟೀನಾದ ಸರ್ಕಾರಿ ಇಂಧನ ಕಂಪನಿ. ಒಳಗೆ ಸರ್ಕಾರಿ ಅಧಿಕಾರಿಗಳು, ಜೊತೆಗೆ ಆಂತೋನಿನಿ ವಿಲ್ಸನ್ ಅನ್ನುವ ಉದ್ಯಮಿ. ಇಳಿದದ್ದು ಎಲ್ಲರೂ ತೂಕಡಿಸುವ ಬೆಳಗಿನ ಜಾವ. ಎಕ್ಸ್‌ರೇ ಪರದೆಯ ಮುಂದೆ ಕೂತಿದ್ದ ಪೊಲೀಸ್ ಹುಡುಗಿ ಮಾತ್ರ ತೂಕಡಿಸುತ್ತಿರಲಿಲ್ಲ. ಒಂದು ಸೂಟ್‌ಕೇಸಿನೊಳಗೆ ಇಟ್ಟಿಗೆ ಜೋಡಿಸಿದ ಹಾಗೆ ಏನೋ ಒತ್ತೊತ್ತಾಗಿ ಕಂಡಿತು. ಏನಿದು ಅಂದರೆ, ಪುಸ್ತಕ ಅಂದರಂತೆ. ತೆಗೆಸಿ ನೋಡಿದರೆ 7,90,550 ಡಾಲರ್. ಓದುವ ಹುಚ್ಚು ಅಂದರೆ ಹೀಗಿರಬೇಕು ನೋಡಿ.

ದುಡ್ಡು ಜಪ್ತಿಯಾಯಿತು, ದುಡ್ಡು ತಂದವನು ಆರಾಮಾಗಿ ಹೊರಗೆ ನಡೆದ. ಕೆಲವೇ ದಿನಕ್ಕೆ ದೇಶವನ್ನೂ ಬಿಟ್ಟ. ಅದು ಅರ್ಜೆಂಟೀನಾದ ಅಧ್ಯಕ್ಷೆಯಾಗಲು ನಿಂತಿದ್ದ ಕ್ರಿಸ್ಟಿನಾ ಕಿರ್ಶ್ನರ್ ಅವರ ಚುನಾವಣಾ ಪ್ರಚಾರಕ್ಕೆ ಬಂದ ಹಣ ಅಂತ ಅಮೆರಿಕದ ಸರ್ಕಾರಿ ವಕೀಲರು ಆಮೇಲೆ ಹೇಳಿದರು. ಇದೆಲ್ಲ ಕಸ ಅಂತ ಆಕೆ ತಳ್ಳಿಹಾಕಿದರು. ಅಷ್ಟರಲ್ಲಿ ಅಕ್ಟೋಬರಿನ ಚುನಾವಣೆ ಮುಗಿದು ಗೆದ್ದೂ ಆಗಿತ್ತು. ನನಗೆ ಕಾಡುವುದು ಒಂದೇ. ಆ ಹುಡುಗಿ ಆವತ್ತು ಟೀ ಕುಡಿಯೋಕೆ ಎದ್ದು ಹೋಗಿದ್ದರೆ?

ಈಗ ಸೂಟ್‌ಕೇಸ್ ಹೊರುವ ಕಷ್ಟವೂ ಬೇಡ. 2020ರಲ್ಲಿ ಉರುಗ್ವೆ ಸರ್ಕಾರ ಹೊರಗಿನ ಶ್ರೀಮಂತರಿಗೆ ನಿಯಮ ಸಡಿಲಿಸಿತು. ಅಲ್ಲೊಂದಿಷ್ಟು ಆಸ್ತಿ ಕೊಂಡು ವರ್ಷಕ್ಕೆ 60 ದಿನ ಇದ್ದರೆ ಸಾಕು, ತೆರಿಗೆ ಲೆಕ್ಕದಲ್ಲಿ ನೀವು ಅಲ್ಲಿಯವರು ಅಂದಿತು. ಅರ್ಜೆಂಟೀನಾದ ದೊಡ್ಡ ದೊಡ್ಡ ಕುಳಗಳಿಗೆ ಒಮ್ಮೆಲೇ ಆಚೆ ದಡದ ಗಾಳಿ ಒಗ್ಗಿಬಿಟ್ಟಿತು. ದುಡ್ಡು ಮಾಡಿದ್ದು ಈ ದಡದಲ್ಲಿ, ತೆರಿಗೆ ಕಟ್ಟುವ ಹೊತ್ತಿಗೆ ಆ ದಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಅಂಬಿಗನ ಸ್ಥಿತಿ ಹೇಗಿತ್ತು? 2023ರಲ್ಲಿ ಅರ್ಜೆಂಟೀನಾದ ಹಣದುಬ್ಬರ 211 ಪರ್ಸೆಂಟ್. 2024ರ ಮೊದಲ ಆರು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಡತನದ ರೇಖೆಯ ಕೆಳಗಿದ್ದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಂಬಳ ಕೈಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತಿತ್ತು. ಬೆಲ್ಟ್ ಬಿಗಿ ಮಾಡಿ ಅಂತ ಪ್ರತಿ ಸರ್ಕಾರವೂ ಅದೇ ಜನಕ್ಕೆ ಹೇಳುತ್ತದೆ. ಸೊಂಟ ಎಲ್ಲಿ ಉಳಿದಿದೆ ಸ್ವಾಮಿ ಬಿಗಿ ಮಾಡೋಕೆ? ಹೊಗೆಯ ವಿಷಯವೂ ಹೀಗೇ. ತಲೆಗೆ ಇಷ್ಟು ಅಂತ ಹಂಚಿದರೆ ಖಾಸಗಿ ಜೆಟ್ ಉಗುಳುವುದು ಮಾಮೂಲಿ ವಿಮಾನದ 5ರಿಂದ 14 ಪಟ್ಟು. ಸೆಕೆ, ಬರ, ಪ್ರವಾಹ ಮಾತ್ರ ಎಲ್ಲರಿಗೂ ಸಮಪಾಲು.

ಜೆಟ್‌ನವರು ಅದಕ್ಕೂ ಪರಿಹಾರ ಇಟ್ಟುಕೊಂಡಿದ್ದಾರೆ. ಬುಕ್ ಮಾಡುವಾಗ ಸ್ವಲ್ಪ ಹೆಚ್ಚು ಕೊಟ್ಟರೆ ನಿಮ್ಮ ಪರವಾಗಿ ಎಲ್ಲೋ ಗಿಡ ನೆಡಿಸುತ್ತಾರೆ. ನಾಯಿಯನ್ನೂ ಕರೆದುಕೊಂಡು ಬರಬಹುದು, ಅದಕ್ಕೆ ಸೋಫಾ ಇದೆ.