ಶಿಫಾರಸು ಮಾಡುವವರ ಕಿವಿ
ಹೊಸ ಸಂಗೀತವನ್ನು ಹುಡುಕಿಕೊಡುವ ಕೆಲಸವನ್ನು ಇನ್ನು ಸಂಗೀತ ಆ್ಯಪ್‌ಗಳ ಯಂತ್ರದ ಶಿಫಾರಸಿಗೇ ಬಿಟ್ಟುಬಿಡಬಹುದು ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ನಮ್ಮಂಥ ಅಭಿರುಚಿಯ ಇತರ ಕೇಳುಗರು ಏನನ್ನು ಕೇಳಿದರು ಎಂಬ ಲೆಕ್ಕಾಚಾರದ ಮೇಲೆ ಆ ಶಿಫಾರಸು ಬಹುಮಟ್ಟಿಗೆ ನಿಂತಿರುವುದರಿಂದ, ಅದು ನಮ್ಮನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದೇ ಹೊರತು ಬೇಲಿ ದಾಟಿಸುವುದು ಅಪರೂಪ. ಒಬ್ಬನೇ ಗಾಯಕ ಏಕಕಾಲದಲ್ಲಿ ಎರಡು ಸ್ವರಗಳನ್ನು ಹೊಮ್ಮಿಸುವ ರಷ್ಯಾದ ತುವಾ ಪ್ರದೇಶದ ಗಂಟಲಗಾಯನವನ್ನು ನನಗೆ ಮೊದಲು ಕೇಳಿಸಿದವರು ಹಿರಿಯ ಸಹೋದ್ಯೋಗಿಯೊಬ್ಬರು. ನಿಜ ಹೇಳಬೇಕೆಂದರೆ, ಅಂದು ನಾನು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಕೆಳಗಿನ ಸ್ಥಿರವಾದ ಶ್ರುತಿಯನ್ನು ಬಿಟ್ಟು, ಅದರ ಮೇಲೆ ಸಿಳ್ಳಿನಂತೆ ಚಲಿಸುವ ಉಪಸ್ವರವನ್ನಷ್ಟೇ ಹಿಂಬಾಲಿಸಿ ಎಂದು ಅವರು ತಿಳಿಸಿದ ಮೇಲೆ, ಬರೀ ಗೊಗ್ಗರು ಸದ್ದೆನಿಸಿದ್ದ ಅದೇ ಧ್ವನಿಮುದ್ರಣದಲ್ಲಿ ಹಾಡು ಕೇಳಿಸತೊಡಗಿತು. ಎಲ್ಲಿ ಕಿವಿಗೊಡಬೇಕು ಎಂಬ ಈ ಸುಳಿವನ್ನು ನನಗೆ ಯಾವ ಪಟ್ಟಿಯೂ ಕೊಟ್ಟಿರಲಿಲ್ಲ.

1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳೊಡನೆ ಕಳುಹಿಸಿದ ಚಿನ್ನದ ಲೇಪದ ಧ್ವನಿತಟ್ಟೆಯೂ ಒಂದು ಬಗೆಯ ಶಿಫಾರಸೇ ಅಲ್ಲವೇ? ಕೇಸರ್‌ಬಾಯಿ ಕೇರ್ಕರ್ ಅವರ ಹಿಂದೂಸ್ತಾನಿ ಗಾಯನ, ಜಾವಾದ ಗಮೆಲಾನ್ ಎಂಬ ವಾದ್ಯಮೇಳ ಮತ್ತು ಜಾರ್ಜಿಯಾದ ಬಹುಧ್ವನಿ ಗಾಯನಗಳು ಬೀಥೋವನ್‌ನ ಜೊತೆಯಲ್ಲೇ ಅದರಲ್ಲಿ ಸೇರಿದ್ದು ಕೆಲವೇ ಮಂದಿ ಕುಳಿತು ಆರಿಸಿದ್ದರಿಂದ. ಪರಿಚಯವಿಲ್ಲದ ಸಂಗೀತವನ್ನು ಎಲ್ಲಿಂದ ಕೇಳಲು ಆರಂಭಿಸಬೇಕೆಂದು ವಿಚಾರಿಸುವವರಿಗೆ ನಾನು ಇಂದಿಗೂ ಆ ಸಂಗ್ರಹವನ್ನೇ ಸೂಚಿಸುತ್ತೇನೆ.