ಮೊದಲು ಇಲ್ಲೇ ಡ್ರಿಪ್ ಹಾಕಿಸಿ, ಆಮೇಲೆ ಬೆಂಗಳೂರು

ಅರ್ಧಕ್ಕಿಂತ ಜಾಸ್ತಿ ಮೈ ಸುಟ್ಟವರನ್ನು ಸ್ಥಳೀಯ ಆಸ್ಪತ್ರೆಗೆ ಸೇರಿಸದೆ ನೇರ ಬೆಂಗಳೂರಿಗೆ ಸಾಗಿಸಿ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನು ದಾವಣಗೆರೆಯಲ್ಲಿ ನರ್ಸ್. ಇಲ್ಲಿಂದ ಬೆಂಗಳೂರು ಸುಮಾರು 260 ಕಿ.ಮೀ., ಆಂಬುಲೆನ್ಸ್‌ಗೂ ನಾಲ್ಕು ಗಂಟೆ ಬೇಕು. ಅಷ್ಟೂ ಹೊತ್ತು ರಕ್ತದ ನೀರಿನಂಶ ಸೋರುತ್ತಲೇ ಇರುತ್ತದೆ. 60 ಕೆ.ಜಿ. ತೂಕದವರಿಗೆ ಶೇ. 50ರಷ್ಟು ಸುಟ್ಟಿದ್ದರೆ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (ತೂಕ, ಸುಟ್ಟ ಭಾಗ ನೋಡಿ ಎಷ್ಟು ಡ್ರಿಪ್ ಬೇಕೆಂದು ಹೇಳುವ ಸೂತ್ರ) ಮೊದಲ 24 ಗಂಟೆಗೆ 12 ಲೀಟರ್ ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ನಲ್ಲಿ ಕೊಡುವ ಲವಣದ ದ್ರವ) ಬೇಕು, ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು, ಆ 8 ಗಂಟೆ ಎಣಿಸುವುದು ಆಸ್ಪತ್ರೆಗೆ ಬಂದಾಗಿನಿಂದ ಅಲ್ಲ, ಬೆಂಕಿ ತಗುಲಿದ ಹೊತ್ತಿನಿಂದ. ಮೂತ್ರ ಎಷ್ಟು ಬರುತ್ತಿದೆ ನೋಡಿ ಡಾಕ್ಟರು ಹೆಚ್ಚು ಕಡಿಮೆ ಮಾಡುತ್ತಾರೆ. ಡ್ರಿಪ್ ಇಲ್ಲದೆ ಹೊರಟರೆ ತುಮಕೂರು ದಾಟುವಷ್ಟರಲ್ಲಿ ಬಿಪಿ ಕುಸಿದು ಕಿಡ್ನಿಗೂ ಪೆಟ್ಟು ಬೀಳಬಹುದು. ಮುಖ ಸುಟ್ಟು ದನಿ ಗೊಗ್ಗರಾಗಿದ್ದರಂತೂ ಗಂಟಲು ಊದಿಕೊಳ್ಳುವ ಮೊದಲೇ ಉಸಿರಿಗೆ ಟ್ಯೂಬ್ ಹಾಕಿಸಬೇಕು, ಓಡುವ ಗಾಡಿಯಲ್ಲಿ ಅದು ತುಂಬಾ ಕಷ್ಟ. ಚರ್ಮ ಕಸಿಗೆ, ಮುಂದಿನ ಆರೈಕೆಗೆ ದೊಡ್ಡ ಬರ್ನ್ಸ್ ವಾರ್ಡ್ ಬೇಕು, ಅದು ನಿಜ. ಆದರೆ ದಯವಿಟ್ಟು ಆ ಸಾಲು ತಿದ್ದಿ, ಗಾಬರಿಯಲ್ಲಿರುವ ಮನೆಯವರು ಅದೊಂದನ್ನೇ ಓದಿಕೊಂಡು ಹೊರಟುಬಿಡುತ್ತಾರೆ.