ಪೈಲಟ್ ಬೇಕಾಗ್ಯಾರ, ಆದ್ರ ನೀವು ಬ್ಯಾಡ

ಬೋಯಿಂಗ್ ಕಂಪನಿಯೋರು ವರ್ಷಕ್ಕೊಮ್ಮೆ ಒಂದು ಲೆಕ್ಕ ಬಿಡ್ತಾರ, ಮುಂದಿನ 20 ವರ್ಷದಾಗ ಜಗತ್ತಿಗೆ ಆರು ಲಕ್ಷಕ್ಕೂ ಜಾಸ್ತಿ ಹೊಸ ಪೈಲಟ್‌ಗಳು ಬೇಕು ಅಂತ. ಆ ಸುದ್ದಿ ಬಂದ ದಿನ ಸಿರಿವಾರದ ನಮ್ಮ ಗೌಡ್ರು ಪೇಪರ್ ಮಡಚಿ ಬಗಲಾಗ ಇಟ್ಕೊಂಡು ಊರೆಲ್ಲಾ ತಿರುಗ್ತಾರ, ಯಾಕಂದ್ರ ಅವ್ರ ಮಗ ಪೈಲಟ್, ಅದೂ ಅಮೆರಿಕದಾಗ ಅದಾನ, ಕೈಯಾಗ ಗ್ರೀನ್ ಕಾರ್ಡೂ ಐತಿ. ಕೆಲ್ಸ ಒಂದು ಇಲ್ಲ ಅಷ್ಟೆ.

ಗೌಡ್ರು ಮಗನ್ನ ಪೈಲಟ್ ಮಾಡಿದ್ದೇ ಒಂದು ದೊಡ್ಡ ಕಥಿ. 2010ರ ಸುಮಾರಿಗೆ ಚಾಗನೂರು-ಸಿರಿವಾರದಾಗ ಬಳ್ಳಾರಿಗೆ ಹೊಸ ಏರ್ಪೋರ್ಟ್ ಬರ್ತೈತಿ ಅಂತ ಗದ್ಲ ಎದ್ದಿತ್ತಲ್ಲ, ರೈತರು ನೀರಾವರಿ ಹೊಲ ಕೊಡಂಗಿಲ್ಲ ಅಂತ ಧರಣಿ ಕುಂತಿದ್ರಲ್ಲ, ಆವಾಗ ಗೌಡ್ರು ಮಾತ್ರ ದೂರದ ಲೆಕ್ಕ ಹಾಕಿ ಪರಿಹಾರದ ರೊಕ್ಕ ಇಸ್ಕೊಂಡು, ಅದರ ಮ್ಯಾಲೆ ಬ್ಯಾಂಕಿನ ಸಾಲಾನೂ ಎತ್ತಿ ಮಗನ್ನ ಫ್ಲೈಯಿಂಗ್ ಸ್ಕೂಲಿಗೆ ಹಾಕಿದ್ರು, ಹೊಲದಾಗ ವಿಮಾನ ಇಳಿಯೋದಾದ್ರ ಅದ್ನ ಇಳಿಸೋನು ನಮ್ಮ ಹುಡ್ಗನೇ ಆಗ್ಲಿ ಅಂತ. ಹುಡ್ಗ 200 ತಾಸು ಹಾರ್ಸಿ ಲೈಸೆನ್ಸ್ ತಗೊಂಡ, ಇಲ್ಲೇ ಒಂದು ಕಂಪನ್ಯಾಗ ಏರ್‌ಬಸ್ಸಿನ ಕೋ-ಪೈಲಟ್ ಆಗಿ ಸಾವಿರಾರು ತಾಸು ಹಾರ್ಸಿದ. ಬಳ್ಳಾರಿಯೋರು ವಿಮಾನ ಹತ್ತಬೇಕಂದ್ರ ಈಗ್ಲೂ ತೋರಣಗಲ್ಲಿಗೇ ಹೋಗ್ಬೇಕು, ಆ ಮಾತು ಬಿಡ್ರಿ.

ಆಮೇಲೆ ಹುಡ್ಗ ಅಮೆರಿಕದಾಗೇ ಹುಟ್ಟಿ ಬೆಳೆದ ಹುಡ್ಗಿನ್ನ ಮದುವಿ ಆದ, ಕಾರ್ಡ್ ಬಂತು, ಕಾಯಂ ನಿವಾಸಿ ಆದ. ಇನ್ನೇನು, ಪೈಲಟ್ ಇಲ್ಲ ಪೈಲಟ್ ಇಲ್ಲ ಅಂತ ಬಾಯಿ ಬಡ್ಕೊಳ್ಳೋ ದೇಶ, ಇಳಿದ ಕೂಡ್ಲೆ ಹಾರ ಹಾಕಿ ಕಾಕ್‌ಪಿಟ್‌ನಾಗ ಕುಂದ್ರಸ್ತಾರ ಅನ್ಕೊಂಡ್ವಿ.

ಮೊದ್ಲು ಲೈಸೆನ್ಸ್. ಇಲ್ಲಿ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಕೊಟ್ಟಿದ್ದು ಅಲ್ಲಿ ಏರ್‌ಲೈನ್ ಕೆಲಸಕ್ಕ ನಡಿಯಂಗಿಲ್ಲ, ಅಲ್ಲಿಂದು ಎಫ್ಎಎ ಅಂತ ಬ್ಯಾರೆನೇ ಇಲಾಖೆ ಐತಿ. ಅದರ ಲೈಸೆನ್ಸಿಗೆ 30 ತಾಸು ಕ್ಲಾಸ್‌ರೂಮಿನ ಪಾಠ, 10 ತಾಸು ಸಿಮ್ಯುಲೇಟರ್, ಆಮ್ಯಾಲೆ ರಿಟನ್ನು, ಆಮ್ಯಾಲೆ ಹಾರ್ಸಿ ತೋರ್ಸೋ ಪರೀಕ್ಷೆ. ದೊಡ್ಡ ವಿಮಾನದಾಗ ಆ ಪರೀಕ್ಷೆ ಕೊಡೋಕ ರೊಕ್ಕ ಜಾಸ್ತಿ ಅಂತ ಎರಡು ಎಂಜಿನ್ನಿನ ಪುಟ್ಟ ವಿಮಾನ ಬಾಡಿಗಿ ತಗೊಂಡ. 180 ಮಂದಿನ್ನ ಕುಂದ್ರಿಸ್ಕೊಂಡು ಹೋಗ್ತಿದ್ದ ಹುಡ್ಗ ಪರೀಕ್ಷಕನೊಬ್ಬನ್ನ ಬಗಲಾಗ ಕುಂದ್ರಿಸ್ಕೊಂಡು ಗಿರಕಿ ಹೊಡ್ದ. ಅದಕ್ಕೂ ಮೊದ್ಲು ಟಿಎಸ್ಎ ಅನ್ನೋ ಭದ್ರತಾ ಇಲಾಖೆಯ ಪರ್ಮಿಷನ್ ಬೇಕು, ಬೆರಳಚ್ಚು ಕೊಡ್ಬೇಕು, ಯಾಕಂದ್ರ ಗ್ರೀನ್ ಕಾರ್ಡ್ ಇದ್ರೂ ವಿಮಾನ ಕಲಿಯೋ ವಿಷ್ಯದಾಗ ನೀನು ಹೊರಗಿನೋನೇ. ತೆರಿಗಿ ಕಟ್ಟೋ ವಿಷ್ಯದಾಗ ಮಾತ್ರ ಮನಿ ಮಗ.

1500 ತಾಸಿನ ರೂಲ್ ಬಗ್ಗೆ ಹೇಳ್ಲೇಬೇಕು. 2009ರಾಗ ಅಮೆರಿಕದ ಬಫಲೋ ಊರಿನ ಹತ್ರ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ರು, ಅದಾದ ಮ್ಯಾಲೆ ಅಮೆರಿಕ ಸರ್ಕಾರ 2013ರಿಂದ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1500 ತಾಸು ಬೇಕೇ ಬೇಕು ಅಂತ ಮಾಡ್ತು. ಆವತ್ತು ಆ ವಿಮಾನದಾಗ ಇದ್ದ ಇಬ್ರು ಪೈಲಟ್‌ಗಳಿಗೂ 1500ಕ್ಕಿಂತ ಜಾಸ್ತಿನೇ ತಾಸು ಇತ್ತು. ಇಂಥ ಪರಿಹಾರ ನಮ್ಮ ಜಿಲ್ಲಾ ಆಡಳಿತಕ್ಕಷ್ಟೇ ಹೊಳಿತೈತಿ ಅನ್ಕೊಂಡಿದ್ದೆ ನಾನು. ಈಗ ಅಲ್ಲಿನ ಹುಡುಗ್ರು ಲೈಸೆನ್ಸ್ ತಗೊಂಡು ತಾಸು ತುಂಬ್ಸೋಕ ಹೊಸಬರಿಗೆ ಪಾಠ ಹೇಳ್ತಾರ, ವಿಮಾನದ ಬಾಲಕ್ಕ ಜಾಹೀರಾತಿನ ಬ್ಯಾನರ್ ಕಟ್ಕೊಂಡು ಬೀಚಿನ ಮ್ಯಾಲೆ ಸುತ್ತು ಹೊಡಿತಾರ.

ಗೌಡ್ರ ಮಗನಿಗೆ ತಾಸಿಗೇನು ಕಮ್ಮಿ ಇಲ್ಲ. ಅವನ ತ್ರಾಸು ಬ್ಯಾರೆ, ಮೊನ್ನೆ ಫೋನ್ ಸ್ಪೀಕರ್‌ಗೆ ಹಾಕಿದ್ರು, ನಾನೂ ಕೇಳ್ದೆ.

"ಕೆಲ್ಸ ಮಾಡೋ ಹಕ್ಕು ಐತಾ ಅಂತ ಕೇಳ್ತಾರಪ್ಪಾ, ಐತಿ ಅಂತೀನಿ. ಕಳೆದ ವರ್ಷ ಎಷ್ಟು ತಾಸು ಹಾರ್ಸಿ ಅಂತಾರ. ಕಾರ್ಡಿಗೆ ಕಾಯ್ಕೋತ ಮನ್ಯಾಗ ಕುಂತಿದ್ದೆ, ಎಲ್ಲಿಂದ ಹಾರ್ಸ್ಲಿ?"

"ಕಾರ್ಡ್ ಕೊಟ್ಟೋರೇ ಕಾಯ್ಸಿದ್ದು ಅಂತ ಹೇಳ್ಬೇಕಿಲ್ಲೇನೋ ತಮ್ಮಾ?"

"ಕಂಪ್ಯೂಟರ್ನಾಗ ಆ ಖಾನೆನೇ ಇಲ್ಲಪ್ಪಾ. ಇನ್ನೊಂದು ಕೇಳ್ತಾರ, ನಮ್ಮ ವಿಮಾನ ಹೋಗೋ ಎಲ್ಲಾ ದೇಶಕ್ಕೂ ಹೋಗಿ ಬರೋಕಾಗ್ತೈತಾ ಅಂತ. ನನ್ನ ಪಾಸ್‌ಪೋರ್ಟ್ ಇಂಡಿಯಾದ್ದು, ಎಷ್ಟು ಎಂಬೆಸಿ ಮುಂದ ಪಾಳಿ ಹಚ್ಲಿ?"

ನಗಬ್ಯಾಡ್ರಿ, ನಾವೇನು ಕಮ್ಮಿ ಇಲ್ಲ. ಇದೇ ಹುಡ್ಗನ ಕಾಕಾನ ಮಗಳು ಸರ್ಕಾರಿ ಕೆಲಸಕ್ಕ ಕಲ್ಯಾಣ ಕರ್ನಾಟಕದೋರಿಗೆ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಮಾಡ್ಸೋಕ ಹೋಗಿ, ತಾನು ಇದೇ ಸೀಮಿಯಾಕಿ ಅಂತ ಪ್ರೂವ್ ಮಾಡೋದ್ರಾಗ ಚಪ್ಪಲಿ ಸವೆಸ್ಕೊಂಡಾಳ. ಅಣ್ಣನಿಗೆ ಅಲ್ಲಿ ಹೊರಗಿನೋನು ಅಂತ ತ್ರಾಸು, ತಂಗಿಗೆ ಇಲ್ಲಿ ಒಳಗಿನಾಕಿ ಹೌದೋ ಅಲ್ಲೋ ಅಂತ ತ್ರಾಸು.

ಹಂಗಾದ್ರ ದುಬೈಗೆ ಹೋಗು, ಅಲ್ಲಿ ಎಲ್ಲಾ ದೇಶದ ಪೈಲಟ್‌ಗಳೂ ಅದಾರಲ್ಲ ಅಂದೆ ನಾನು, ಬುದ್ಧಿವಂತ ಅನ್ನೋ ಹಂಗ. ಅದೂ ಆಗಂಗಿಲ್ಲಂತ. ಗಲ್ಫ್ ಕಂಪನಿ ಸೇರಿದ್ರ ಅಲ್ಲೇ ಮನಿ ಮಾಡ್ಬೇಕು, ಇತ್ತ ವರ್ಷಕ್ಕಿಂತ ಜಾಸ್ತಿ ದಿನ ಅಮೆರಿಕದ ಹೊರಗ ಉಳಿದ್ರ ಗ್ರೀನ್ ಕಾರ್ಡ್ ಬಿಟ್ಟುಕೊಟ್ಟಾನ ಅಂತ ಲೆಕ್ಕ ಹಿಡಿತಾರ, ಸಿಟಿಜನ್ ಆಗ್ಬೇಕಂದ್ರ ಸಾಮಾನ್ಯವಾಗಿ ಐದು ವರ್ಷದಾಗ 30 ತಿಂಗ್ಳು, ಇವನಂಗ ಅಲ್ಲಿನ ಸಿಟಿಜನ್ನನ್ನ ಮದುವಿ ಆದೋರಿಗೂ ಮೂರು ವರ್ಷದಾಗ 18 ತಿಂಗ್ಳು, ಅಲ್ಲಿನ ನೆಲದ ಮ್ಯಾಲೆನೇ ಇರ್ಬೇಕು. ಕೆನಡಾದಾಗೂ ಹಿಂಗೇ, ಕಾಯಂ ನಿವಾಸಿ ಆಗೇ ಉಳಿಬೇಕಂದ್ರ ಐದು ವರ್ಷಕ್ಕ 730 ದಿನ. ಹಾರೋದೇ ಕಸುಬಾದ ಮನುಷ್ಯಾಗ, ನೆಲ ಬಿಟ್ಟ ದಿನ ಎಣಿಸ್ಕೋತ ಕುಂದ್ರು ಅಂತ ಕರಾರು!

ಗೌಡ್ರು ಎಲ್ಲಾ ಕೇಳಿ ಫೋನ್ ಬಾಯಿ ಹತ್ರ ಹಿಡ್ಕೊಂಡ್ರು.

"ಬ್ಯಾಂಕಿನೋನು ಕಂತು ಕೇಳಾಕ ಹತ್ಯಾನಪಾ. ನೀನು ವಾಪಸ್ ಬಂದ್ಬಿಡು. ನಮ್ಮ ಹೊಲದಾಗ ಏರ್ಪೋರ್ಟ್ ಇವತ್ತಿಲ್ಲ ನಾಳೆ ಆಗೇ ಆಗ್ತೈತಿ, ಮಂತ್ರಿಗಳು ಮಾತು ಕೊಟ್ಟಾರ."

"65 ದಾಟಿದ್ರ ಏರ್‌ಲೈನ್‌ನಾಗ ಹಾರ್ಸಾಕ ಬಿಡಂಗಿಲ್ಲಪ್ಪಾ," ಅಂದ ಹುಡ್ಗ.

"ನಿಂಗಿನ್ನೂ 35 ಅಲ್ಲೇನೋ?"

"ಹೌದಪ್ಪಾ, ಅದಕ್ಕೇ ಹೇಳಿದೆ."